ದಾನಪತ್ರ: ಸಹಿಗೂ ನೋಂದಣಿಗೂ ನಡುವೆ ನಮಗೆ ರಕ್ಷಣೆ ಏನು?

ಕೇಳಿದ್ದು (ಹಾಸನದಿಂದ):
ಅಮ್ಮ ತನ್ನ ಹೆಸರಲ್ಲಿರೋ ಮನೆಯನ್ನ ನನಗೆ ದಾನಪತ್ರ ಮಾಡಿಕೊಡ್ತೀನಿ ಅಂತಿದ್ದಾರೆ. 1998ರಲ್ಲಿ ಸೈಟು ಕೊಂಡು, ತಮ್ಮ ಸಂಬಳದಲ್ಲೇ ಕಟ್ಟಿಸಿದ ಮನೆ. ಅಮ್ಮನಿಗೆ ಈಗ 76. ತೊಂದರೆ ಏನಂದ್ರೆ ಅಣ್ಣನಿಗೆ ಸಾಲ ಬಹಳ ಇದೆ. ಹಿಂದೊಮ್ಮೆ ಅಮ್ಮನ ಕೈಲಿ ಒಂದು ಸ್ಟಾಂಪ್ ಪೇಪರಿಗೆ ಸಹಿ ಹಾಕಿಸಿಕೊಂಡಿದ್ದ. ಅದು ಏನು ಅಂತ ಅಮ್ಮನಿಗೆ ನೆನಪಿಲ್ಲ. ಇಂಗ್ಲೆಂಡಲ್ಲಿರೋ ನನ್ನ ನಾದಿನಿ ಹೇಳ್ತಾಳೆ, ಅಲ್ಲಿ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಮೊದಲೇ ಒಂದು ಸರ್ಚ್ ಹಾಕಿಟ್ಟರೆ ಇಂತಿಷ್ಟು ದಿನ ಬೇರೆ ಯಾರ ಅರ್ಜಿಯೂ ನಮ್ಮನ್ನ ಹಿಂದಕ್ಕೆ ಹಾಕೋಕಾಗಲ್ಲ ಅಂತ. ನಮ್ಮಲ್ಲೂ ಹಾಗಿದೆಯಾ? ಮಾಡಿಸಿದವರು ದಯವಿಟ್ಟು ಹೇಳಿ.

ರೆಡಿಂಗ್‌ನಿಂದ (ಇಂಗ್ಲೆಂಡ್):
ನಿಮ್ಮ ನಾದಿನಿ ಹೇಳಿದ್ದು ಅರ್ಧ ನಿಜ. ಇಲ್ಲಿ ಆ ಸರ್ಚಿಗೆ 30 ಕೆಲಸದ ದಿನಗಳ ಆದ್ಯತೆ ಸಿಗುತ್ತೆ, ಆದರೆ ದುಡ್ಡು ಕೊಟ್ಟು ಕೊಳ್ಳೋರಿಗೆ, ಲೀಸ್ ತಗೊಳ್ಳೋರಿಗೆ, ಅಡಮಾನ ಹಿಡಿಯೋ ಬ್ಯಾಂಕಿಗೆ ಮಾತ್ರ. ದಾನವಾಗಿ ಪಡೆಯೋರಿಗೆ ಇಲ್ಲ. ನಮ್ಮ ಮನೆಯ ಪಾಲು ಹೆಂಡತಿ ಹೆಸರಿಗೆ ಮಾಡುವಾಗ ನಮ್ಮ ಸಾಲಿಸಿಟರ್ ಇದನ್ನ ಮೊದಲ ಭೇಟಿಯಲ್ಲೇ ಹೇಳಿದ್ರು. ಅವರು ಮಾಡಿದ್ದು ಇಷ್ಟೇ: ವರ್ಗಾವಣೆಯ ದಿನ ಬೆಳಗ್ಗೆ ರಿಜಿಸ್ಟರಿನ ಹೊಸ ಪ್ರತಿ ತೆಗೆದು ನೋಡಿದ್ರು, ಸಹಿ ಆದ ಕೂಡಲೇ ಆವತ್ತೇ ಆನ್‌ಲೈನಲ್ಲಿ ಅರ್ಜಿ ಸಲ್ಲಿಸಿದ್ರು. ಅರ್ಜಿ ದಾಖಲಾದ ಹೊತ್ತಿಂದ ನಮ್ಮ ಸರದಿ. ಅದಕ್ಕಿಂತ ಮುಂಚಿನದಕ್ಕೆ ಕವಚ ಇಲ್ಲ. ಇಲ್ಲಿನ 2002ರ ಕಾಯ್ದೆಯ ಪ್ರಕಾರ, ರಿಜಿಸ್ಟರಿನಲ್ಲಿ ಕಾಣದ ಹಳೇ ಹಕ್ಕೊಂದಿದ್ದರೆ ಬೆಲೆ ಕೊಟ್ಟವನು ಎಷ್ಟೋ ಸಲ ಪಾರಾಗ್ತಾನೆ, ಪುಕ್ಕಟೆ ಪಡೆದವನು ಆಗಲ್ಲ. ಭಾರತದ್ದು ಗೊತ್ತಿದ್ದವರು ಹೇಳಲಿ.

ನಿವೃತ್ತ ಪತ್ರ ಬರಹಗಾರ, ತುಮಕೂರು ಕಡೆ:
ತಂಗೀ, ನಮ್ಮಲ್ಲಿ ಅಂಥ ಮುಂಗಡ ಸರ್ಚ್ ಇಲ್ಲವೇ ಇಲ್ಲ. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಆಸ್ತಿ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ; ಅದು ತೆಗೆದ ದಿನದವರೆಗಿನ ಲೆಕ್ಕ ಅಷ್ಟೇ. ಮಾರನೇ ದಿನ ಇನ್ನೊಂದು ಪತ್ರ ನೋಂದಣಿ ಆಗುವುದನ್ನು ಅದು ತಡೆಯುವುದಿಲ್ಲ.

ಅದರ ಬದಲು ನಮ್ಮಲ್ಲಿರುವುದು 1908ರ ನೋಂದಣಿ ಕಾಯ್ದೆಯ 47ನೇ ಸೆಕ್ಷನ್. ಪತ್ರ ಯಾವತ್ತು ನೋಂದಣಿಯಾದರೂ ಅದರ ಬಲ ಬರೆದುಕೊಟ್ಟ ದಿನದಿಂದ ಲೆಕ್ಕಕ್ಕೆ ಬರುತ್ತದೆ. ಸೋಮವಾರ ಅಮ್ಮ ದಾನಪತ್ರಕ್ಕೆ ಸಹಿ ಹಾಕಿ ನಿಮ್ಮ ಕೈಗೆ ಕೊಟ್ಟರು, ನೀವು ಒಪ್ಪಿಕೊಂಡಿರಿ ಅನ್ನಿ. ಬುಧವಾರ ಅದೇ ಮನೆಗೆ ಇನ್ನೊಬ್ಬರ ಹೆಸರಿಗೆ ಕ್ರಯಪತ್ರ ಬರೆದು ಆವತ್ತೇ ನೋಂದಣಿಯಾಯಿತು, ನಿಮ್ಮದು ಶುಕ್ರವಾರ ಆಯಿತು. ಕಾನೂನಿನ ಕಣ್ಣಿಗೆ ಸೋಮವಾರದ್ದೇ ಮೊದಲು. 1927ರಲ್ಲಿ ವರದಿಯಾದ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ ಮುಂದೆ ಬಂದ ಮದ್ರಾಸ್ ಕಡೆಯ ಪ್ರಕರಣದಲ್ಲಿ ಒಬ್ಬರು ದಾನಪತ್ರ ಬರೆದುಕೊಟ್ಟ ಮೇಲೆ, ನೋಂದಣಿಗೆ ಮುಂಚೆ, ದತ್ತು ತೆಗೆದುಕೊಂಡಿದ್ದರು. ಆದರೂ ದಾನ ನಿಂತಿತು. ಸಹಿ ಆದ ದಿನದಿಂದ 4 ತಿಂಗಳೊಳಗೆ ಹಾಜರುಪಡಿಸಬಹುದು ಅಂತ ಕಾಯ್ದೆಯಲ್ಲಿದೆ. ಆ 4 ತಿಂಗಳನ್ನು ನೆಚ್ಚಿಕೊಳ್ಳಬೇಡಿ. ಕೋರ್ಟಿನಲ್ಲಿ ಗೆಲ್ಲುವುದು ಬೇರೆ, ಕೋರ್ಟಿಗೇ ಹೋಗದೆ ಇರುವುದು ಬೇರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಕರಡು ಒಪ್ಪಿಗೆಯಾಗಿ ಸ್ಲಾಟ್ ಸಿಕ್ಕಿದ ಮೇಲೆ, ಅದೇ ದಿನ ಸಹಿ ಹಾಕಿಸಿ ನೇರ ಕಚೇರಿಗೆ ಹೋಗಿ. ಇಬ್ಬರು ಸಾಕ್ಷಿಗಳು ಕಡ್ಡಾಯ. ನಿಮ್ಮ ಒಪ್ಪಿಗೆಯ ಮಾತೂ ಪತ್ರದೊಳಗೇ ಇರಲಿ, ನೀವೂ ಸಹಿ ಹಾಕಿ. ಅಮ್ಮ ಇರುವಾಗಲೇ ಒಪ್ಪಿಕೊಂಡಿರಬೇಕು ಅನ್ನುವುದು ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಸೆಕ್ಷನ್.

ನನಗೆ ಚಿಂತೆ ಇರುವುದು ಆ ಹಳೇ ಸ್ಟಾಂಪ್ ಪೇಪರಿನದ್ದು. ಅದು ನೋಂದಣಿಯಾಗದ ಮಾರಾಟದ ಕರಾರಾಗಿದ್ದರೆ ಇಸಿಯಲ್ಲಿ ಕಾಣುವುದಿಲ್ಲ. ನೋಟರಿ ಮಾಡಿಸಿ ಬೀರುವಿನಲ್ಲಿಟ್ಟ ಕರಾರುಗಳೇ ನಮ್ಮಲ್ಲಿ ಜಾಸ್ತಿ. ಗೊತ್ತಿಲ್ಲದೆ, ಹಣ ಕೊಟ್ಟು, ಪ್ರಾಮಾಣಿಕವಾಗಿ ಕೊಂಡವನಿಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 19ನೇ ಸೆಕ್ಷನ್ ಆಸರೆ ಕೊಡುತ್ತದೆ. ದಾನ ಪಡೆದವರಿಗೆ ಆ ಆಸರೆ ಇಲ್ಲ. ನಿಮಗೆ ಗೊತ್ತೇ ಇರಲಿಲ್ಲ ಅಂದರೂ ಕರಾರಿನವನು ನಿಮ್ಮ ಮೇಲೆ ದಾವೆ ಹೂಡಬಹುದು. ಹಳೇದಲ್ವಾ ಅಂತ ಬಿಡಬೇಡಿ. ಕರಾರಿನಲ್ಲಿ ದಿನಾಂಕ ನಿಗದಿಯಾಗಿದ್ದರೆ ಅಲ್ಲಿಂದ 3 ವರ್ಷದ ಕಾಲಮಿತಿ. ದಿನಾಂಕವೇ ಇಲ್ಲದಿದ್ದರೆ, ಕೊಡುವುದಿಲ್ಲ ಅಂದದ್ದು ಅವನಿಗೆ ತಿಳಿದ ದಿನದಿಂದ 3 ವರ್ಷ.

ಇನ್ನೊಂದು ಕೇಳುತ್ತೇನೆ. 1998ರ ಮೂಲ ಕ್ರಯಪತ್ರ ಎಲ್ಲಿದೆ? ಜೆರಾಕ್ಸ್ ಅಲ್ಲ, ಮೂಲ. ಅದು ಮನೆಯಲ್ಲಿಲ್ಲದಿದ್ದರೆ ಯಾರಲ್ಲಿ ಅಡವಿದೆ ಅಂತ ಮೊದಲು ಹುಡುಕಿ. ಪತ್ರ ಇಟ್ಟು ಪಡೆದ ಸಾಲಕ್ಕೆ ನೋಂದಣಿ ಆಗಿರಲೇಬೇಕು ಅಂತಿಲ್ಲ.

ಧಾರವಾಡದಿಂದ:
ನಮ್ಮ ದೊಡ್ಡಪ್ಪಾರಿಗೆ ಹಾಸಿಗಿ ಬಿಟ್ಟು ಏಳಾಕ ಆಗ್ತಿರಲಿಲ್ರಿ. ಡಾಕ್ಟರ್ ಸರ್ಟಿಫಿಕೇಟ್ ಹಚ್ಚಿ ಅರ್ಜಿ ಕೊಟ್ವಿ, ಸಬ್ ರಜಿಸ್ಟ್ರಾರ್ ಮನಿಗೇ ಬಂದು ಹೆಬ್ಬೆಟ್ಟು ತಗೊಂಡ್ರು. ಕಾಯ್ದೆದಾಗ ಅದಕ್ಕ ಅವಕಾಶ ಐತ್ರಿ. ನಿಮ್ಮ ತಾಯಾರಿಗೆ 76 ಅಂತೀರಿ, ನಡದಾಡ್ತಿದ್ರೂ ‘ಬುದ್ಧಿ ಸ್ವಾಧೀನದಾಗ ಐತಿ’ ಅಂತ ಡಾಕ್ಟರ್ ಕಡೆಯಿಂದ ಒಂದು ಚೀಟಿ ಬರಸ್ಕೋರಿ. ಮುಂದ ನಿಮ್ಮಣ್ಣ ‘ತಂಗಿ ಮುದುಕಿಗೆ ಮಂಕುಬೂದಿ ಎರಚ್ಯಾಳ’ ಅಂದಾಗ ಅದs ಕೆಲಸಕ್ಕ ಬರತೈತಿ.

ಮೈಸೂರಿನಿಂದ:
ಮೇಲಿನವರು ಎಲ್ಲ ಮಗಳ ಕಡೆಯಿಂದಲೇ ನೋಡ್ತಿದ್ದೀರಿ, ಅಮ್ಮನ ಕಡೆಯಿಂದಲೂ ಸ್ವಲ್ಪ ನೋಡಿ. ಜೀವ ಇರೋವರೆಗೂ ಮನೇಲಿ ವಾಸಿಸುವ ಹಕ್ಕು, ಬಾಡಿಗೆ ಬಂದರೆ ಅದೂ, ಅಮ್ಮನಿಗೇ ಅಂತ ಬರೆಸಬಹುದು. ಸ್ವಾಧೀನ ಕೊಡದಿದ್ದರೂ ನೋಂದಾಯಿತ ದಾನ ಪೂರ್ಣ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಡಿಕೊಳ್ಳುವ ಷರತ್ತನ್ನೂ ಬರೆಸಿ. ನೀವು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಹಿಡಿದು ಅವರು ಉಪವಿಭಾಗಾಧಿಕಾರಿ ಹತ್ತಿರ ಹೋಗಿ ಪತ್ರ ರದ್ದು ಮಾಡಿಸಬಹುದು. ನಿಮಗೆ ಇದು ಕಷ್ಟದ ಮಾತು ಅನ್ನಿಸಬಹುದು. ನಮ್ಮತ್ತೆ ಅವರ ಮಗನಿಗೆ ಮಾಡಿಕೊಡುವಾಗ ನಾವು ಕೂತು ಇದನ್ನ ಬರೆಸಿದ್ದೆವು, ಆವತ್ತು ಮುಖ ಊದಿಸಿಕೊಂಡವನು ಈಗ ಏನೂ ಅನ್ನಲ್ಲ.

ಒಂದು ಎಚ್ಚರಿಕೆ, ಇದನ್ನು ಓದೋ ಬೇರೆಯವರಿಗೆ: ಸ್ವಯಾರ್ಜಿತ ಆದ್ದರಿಂದ ಇವರಿಗೆ ಈ ದಾರಿ ಸರಾಗ. ಅವಿಭಕ್ತ ಕುಟುಂಬದ ಆಸ್ತಿಯನ್ನ ಬರೀ ಪ್ರೀತಿ ವಿಶ್ವಾಸದಿಂದ ಅಂತ ಅಪ್ಪ ದಾನ ಕೊಟ್ಟರೆ ಅದು ನಿಲ್ಲಲ್ಲ ಅಂತ 2022ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಕೇಳಿದವರೇ, ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂಲಪತ್ರ ಅಮ್ಮನ ಟ್ರಂಕಿನಲ್ಲೇ ಇದೆ, ಸೀರೆಗಳ ಅಡಿಯಲ್ಲಿ. ಅಣ್ಣನನ್ನ ಕೇಳಿದ್ದಕ್ಕೆ, ಅದು ಫೈನಾನ್ಸ್ ಸಾಲಕ್ಕೆ ಜಾಮೀನು ಸಹಿ ಅಷ್ಟೇ, ಮನೆಗೂ ಅದಕ್ಕೂ ಸಂಬಂಧ ಇಲ್ಲ ಅಂದ. ಹಾಗಾದ್ರೆ ಸ್ಲಾಟ್ ಬುಕ್ ಮಾಡಲಾ?

ನಿವೃತ್ತ ಪತ್ರ ಬರಹಗಾರ:
ಇನ್ನೂ ಬೇಡ. ಬರೀ ಜಾಮೀನಾದರೆ ಮನೆ ಮೇಲೆ ಋಣಭಾರ ಇಲ್ಲ, ನಿಜ. ಆದರೆ ಅವನು ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ, ಕಾಗದ ನೋಡಿ. ಅಮ್ಮ ಜಾಮೀನುದಾರರಾದ್ದರಿಂದ ಅವರೇ ಆ ಫೈನಾನ್ಸಿಗೆ ಬರೆದು ಪ್ರತಿ ಮತ್ತು ಬಾಕಿಯ ಲೆಕ್ಕ ಕೇಳಲಿ. ಸಾಲ ಬಾಕಿ ಬಿದ್ದಿರುವಾಗ ಮನೆ ದಾನ ಮಾಡಿದರೆ, ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು ಮಾಡಿದ್ದು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಸೆಕ್ಷನ್ ಕೆಳಗೆ ದಾವೆ ಬರಬಹುದು. ಅಲ್ಲೂ ರಕ್ಷಣೆ ಇರುವುದು ಹಣ ಕೊಟ್ಟು ಪ್ರಾಮಾಣಿಕವಾಗಿ ಕೊಂಡವರಿಗೆ ಮಾತ್ರ. ಸಾಲ ತೀರಿದ್ದರೆ ಬೇಬಾಕಿ ಪತ್ರ ಇಸಿದುಕೊಳ್ಳಿ.

ಆ ಹೊತ್ತಿಗೆ ಇ-ಖಾತಾ (ಸ್ಥಳೀಯ ಸಂಸ್ಥೆಯ ಕಂಪ್ಯೂಟರ್ ಆಸ್ತಿ ದಾಖಲೆ) ಅಮ್ಮನ ಹೆಸರಲ್ಲಿ ಸರಿಯಾಗಿದೆಯೇ ನೋಡಿಕೊಳ್ಳಿ, ಅದಿಲ್ಲದೆ ನೋಂದಣಿ ಮುಂದಕ್ಕೆ ಹೋಗುವುದಿಲ್ಲ. ಆನ್‌ಲೈನ್ ಇಸಿ 2004ರಿಂದ ಈಚೆಗೆ ಮಾತ್ರ, ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಹಾಕಿ. ಸ್ಲಾಟಿನ ಹಿಂದಿನ ದಿನ ಇನ್ನೊಮ್ಮೆ ಇಸಿ ತೆಗೆಯಿರಿ. ನೋಂದಣಿ ಮುಗಿದ ಮೇಲೆ ಮೂಲ ಕ್ರಯಪತ್ರ ಮತ್ತೆ ಟ್ರಂಕಿಗೆ ಹೋಗುವುದು ಬೇಡ, ನಿಮ್ಮ ಹತ್ತಿರ ಇರಲಿ. ಖಾತೆ ಬದಲಾವಣೆಗೂ ಅದೇ ವಾರ ಅರ್ಜಿ ಹಾಕಿಬಿಡಿ.