ಅಪ್‌ಡೇಟ್: ಪುಣೆಯಲ್ಲಿ ಮಧ್ಯಸ್ಥಿಕೆ ತರಬೇತಿ ಮುಗಿಯಿತು

ವಕೀಲಿ ಬಿಟ್ಟು ಮಧ್ಯಸ್ಥಿಕೆಗಾರಳಾದರೆ, ಅಂದರೆ ಯಾರ ಪರವೂ ವಹಿಸದೆ ಇಬ್ಬರನ್ನೂ ಮಾತಾಡಿಸಿ ರಾಜಿಗೆ ತರುವ ಕೆಲಸ ಹಿಡಿದರೆ, ಹೊಟ್ಟೆ ತುಂಬುತ್ತದೆಯೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಬಿಡಬೇಡಿ, ಮೊದಲು ತರಬೇತಿ ಪಡೆಯಿರಿ ಎಂದ ಹಿರಿಯರಿಗೆಲ್ಲ ನಮಸ್ಕಾರ. 40 ಗಂಟೆಗಳ ತರಬೇತಿ ಪುಣೆಯಲ್ಲೇ ಮುಗಿಯಿತು. 2023ರ ಮಧ್ಯಸ್ಥಿಕೆ ಕಾಯ್ದೆ, ಮಧ್ಯಸ್ಥಿಕೆ ಮುಗಿಸಲು ಅದರಲ್ಲಿರುವ 120 ದಿನಗಳ ಗಡುವು ಇವೆಲ್ಲ ಓದಿದರೆ ಬರುತ್ತವೆ; ಬಾಯಿ ಮುಚ್ಚಿಕೊಂಡು ಕೇಳುವುದು ಬರುವುದಿಲ್ಲ. ಅಣಕು ಕಲಾಪದಲ್ಲಿ ಅಣ್ಣತಮ್ಮಂದಿರ ಮನೆ ಪಾಲಿನ ಜಗಳ. ತಡೆಯಲಾರದೆ ನಾನು ಅಣ್ಣನ ಪರ ವಾದಿಸತೊಡಗಿದೆ. ತರಬೇತುದಾರರು ಮೆಲ್ಲಗೆ ನನ್ನ ಕೈಯಿಂದ ಪೆನ್ನು ತೆಗೆದಿಟ್ಟರು. ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದಾಗ, ತಮ್ಮನಿಗೆ ಬೇಕಾಗಿದ್ದದ್ದು ಅವ್ವನ ದೇವರ ಕೋಣೆಯೊಂದೇ! ಈಗ ವಕೀಲಿಯ ಜೊತೆಗೇ ಹಿರಿಯ ಮಧ್ಯಸ್ಥಿಕೆಗಾರರೊಬ್ಬರ ಪಕ್ಕ ಕುಳಿತು ಕಲಿಯುತ್ತಿದ್ದೇನೆ. ಆದಾಯ ಸದ್ಯಕ್ಕೆ ಅಲ್ಪ. ಆದರೆ ಮರಾಠಿಯಲ್ಲಿ ತಡವರಿಸುವ ಕನ್ನಡದವರು ಬಂದರೆ ನನ್ನನ್ನೇ ಕರೆಯುತ್ತಾರೆ.