ಆಕಳು ಮತ್ತ ಬೆದಿಗೆ ಬಂದಿಲ್ಲ, ಗಬ್ಬ ಅಂತ ಹಿಡೀಬೇಕೋ ಬ್ಯಾಡೋ?

ಸವಣೂರ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮನ್ಯಾಗ ಒಂದ ಆಕಳೈತಿ, ಜರ್ಸಿ ಕ್ರಾಸ್, ಎರಡ ಕರು ಹಾಕೇತಿ. ಡೈರಿಗೆ ಹಾಲು ಹಾಕೋದಿಲ್ಲ, ಮನಿ ಮಟ್ಟಿಗೆ ಹಾಲು ಮೊಸರು ಆದ್ರ ಸಾಕು. ಆಗಸ್ಟ್ 5ಕ್ಕ ಬೆದಿಗೆ ಬಂದು ಮುಂಜಾನೆದ್ದ ಒಂದ ಸವನ ಒದರಾಕತ್ತಿತ್ತು, ಸಂಜಿಗೆ ಇಂಜೆಕ್ಷನ್ (ಗಬ್ಬ ಕಟ್ಟಾಕ ಹೋರಿ ವೀರ್ಯ ಒಳಗ ಬಿಡೋದು) ಮಾಡಿಸಿದ್ವಿ. ಅದಾಗಿ ಎರಡ ದಿನಕ್ಕ ಬಾಲಕ್ಕ ರಕ್ತ ಹತ್ತಿತ್ತು, ಅದನ್ನ ನೋಡಿ ನಮ್ಮವ್ವ "ಹೋತು ಬಿಡು, ನಿಲ್ಲಲಿಲ್ಲ ಇದು" ಅಂದ್ಲು. ಆದ್ರ ಆವಾಗಿಂದ ಮತ್ತ ಬೆದಿಗೆ ಬಂದಂಗ ಕಾಣಲಿಲ್ಲ, ಈಗ ಸೀಗಿ ಹುಣ್ಣಿಮಿನೂ ಮುಗೀತು. ಬಾಜೂ ಮನಿ ಕಾಕಾ ಮೈ ಮಿಂಚಾಕತ್ತೈತಿ ಅಂದ್ರ ಗಬ್ಬನ ಅಂತಾನ. ಔಷಧ ಅಂಗಡ್ಯಾಗ ಕೇಳಿದ್ರ ಬೆದಿಗೆ ಬರೋ ಸೂಜಿ ಹಾಕ್ಸಿಬಿಡ್ರಿ, ನಾಕೈದ ದಿನದಾಗ ಬರತೈತಿ, ಮತ್ತ ಇಂಜೆಕ್ಷನ್ ಮಾಡಿಸ್ರಿ ಅಂದ್ರು. ಯಾರ ಮಾತ ಕೇಳ್ಬೇಕು? ಮನ್ಯಾಗ ನಾವ ನೋಡಿ ತಿಳ್ಕೊಳ್ಳೋ ದಾರಿ ಏನರ ಐತೇನ್ರಿ?

ಹೈನದ ಅಕ್ಕ:
ತಮ್ಮಾ, ಆ ರಕ್ತದ ಬಗ್ಗೆ ತಲಿ ಕೆಡಿಸ್ಕೋಬ್ಯಾಡ. ಬೆದಿ ಮುಗದು ಒಂದೆರಡ ದಿನಕ್ಕ ಭಾಳ ಆಕಳಿಗೆ ಹಂಗ ಹೋಗತೈತಿ, ಮಣಕಕ್ಕ (ಇನ್ನೂ ಈಯದ ಕರುವಿಗೆ) ಇನ್ನೂ ಜಾಸ್ತಿ. ಅದು ಬೆದಿ ಬಂದು ಹೋತು ಅಂತ ಹೇಳತೈತಿ ಅಷ್ಟ, ನಿಂತೈತೋ ಇಲ್ಲೋ ಅನ್ನೋದನ್ನ ಹೇಳಂಗಿಲ್ಲ. ಅವ್ವಾರಿಗೆ ಹೇಳು.

ಎರಿಹೊಲ:
ಗೋಧಿ ಕಾಳಿನ ಪರೀಕ್ಷೆ ಮಾಡ್ರಿ, ರೊಕ್ಕ ಖರ್ಚಿಲ್ಲ. ಆಕಳ ಉಚ್ಚಿಗೆ ನೀರು ಕೂಡಿಸಿ ಅದರಾಗ ಕಾಳು ನೆನಿಹಾಕ್ರಿ, ಇನ್ನೊಂದ ಬಟ್ಟಲದಾಗ ಬರೇ ನೀರಾಗ. ನೀರಾಗಿನ್ವು ಮೊಳಕಿ ಒಡದು ಉಚ್ಚಿನ್ಯಾಗಿನ್ವು ಒಡೀಲಿಲ್ಲಂದ್ರ ಗಬ್ಬ.

ಗದಗ ವೆಟ್:
ನಾನು ದನದ ದವಾಖಾನ್ಯಾಗ ಕೆಲಸ ಮಾಡೋನು, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಮೊದಲ ಆ ಸೂಜಿ ಮಾತು ಬಿಡ್ರಿ. ಬೆದಿಗೆ ತರಾಕ ಹಾಕೋ ಆ ಔಷಧ ಅಂಡಾಶಯದಾಗಿನ ಹಳದಿ ಗಂಟು ಅಂತೀವಲ್ಲ, ಅದನ್ನ ಕರಗಿಸತೈತಿ. ಗಬ್ಬ ಇದ್ದಾಗ ಕರುವನ್ನ ಹಿಡಿದು ನಿಲ್ಲಿಸಿರೋದ ಆ ಗಂಟು, ಅದು ಹೋತಂದ್ರ ಗರ್ಭನೂ ಹೋತು. ಅಂದ್ರ ನಿಮ್ಮ ಆಕಳು ಖರೇನ ಗಬ್ಬ ಇದ್ರ ನಾವ ಕೈಯಾರೆ ಕಂದು ಹಾಕಿಸಿದಂಗ. ತಪಾಸ್ ಮಾಡದ ಆ ಸೂಜಿ ಯಾವತ್ತೂ ಹಾಕ್ಸಬಾರದು. ಇನ್ನೊಂದ ಏನಂದ್ರ ಅದನ್ನ ಬಸುರಿ ಹೆಣ್ಮಕ್ಕಳು ಕೈಲೆ ಮುಟ್ಟಬಾರದು, ಚರ್ಮದಿಂದ ಒಳಗ ಇಳೀತೈತಿ. ಅಂಗಡ್ಯಾಗ ಇದನ್ನ ಯಾರೂ ಹೇಳಂಗಿಲ್ಲ.

ಇನ್ನ ಮತ್ತ ಬೆದಿಗೆ ಬಂದಿಲ್ಲ ಅನ್ನೋದು. ಆಕಳ ಚಕ್ರ 21 ದಿನದ್ದು, ಹೆಚ್ಚುಕಡಿಮಿ 18ರಿಂದ 24. ಇಂಜೆಕ್ಷನ್ ಆದ ಮ್ಯಾಲೆ ಆ ಹೊತ್ತಿಗೆ ಬರಲಿಲ್ಲಂದ್ರ ಒಳ್ಳೇ ಲಕ್ಷಣ ಖರೆ, ಆದ್ರ ಗ್ಯಾರಂಟಿ ಅಲ್ಲ. ಹತ್ತಾರು ಆಕಳಿರೋ ಕಡಿ ಒಂದ ಬೆದಿಗೆ ಬಂತಂದ್ರ ಉಳಿದ್ವು ಅದರ ಮ್ಯಾಲೆ ಹತ್ತತಾವು, ಅದು ಸುಮ್ನ ನಿಂದರತೈತಿ, ದೂರಿಂದನ ಗೊತ್ತಾಗತೈತಿ. ನಿಮ್ಮನ್ಯಾಗ ಒಂದ ಆಕಳು, ಅದೂ ಕಟ್ಟಿದ್ದಲ್ಲೇ ಇರತೈತಿ. ಬೆದಿ ಇರೋದು 12-18 ತಾಸು, ರಾತ್ರಿ ಬಂದು ಮುಂಜಾನೆಗೆ ಇಳದಿದ್ರ ನಿಮಗ ಯಾರ ಹೇಳ್ಬೇಕು? ಅದಕ್ಕ ಮುಂದಿನ ಸಲ ಆ ವಾರದಾಗ ಮಲಗೋ ಮುಂದ ಒಮ್ಮೆ, ನಸುಕಿನ್ಯಾಗ ಒಮ್ಮೆ ಬ್ಯಾಟರಿ ಹಚ್ಚಿ ಬಾಲದ ಬುಡ, ತೊಡಿ, ಮಲಗಿದ ಜಾಗ ನೋಡ್ರಿ. ಗಾಜಿನಂಗ ತಿಳಿ ಲೋಳಿ ನೆಲಕ್ಕ ಬಿದ್ದಿರತೈತಿ, ಇಲ್ಲಾಂದ್ರ ಬಾಲದ ಕೂದಲಕ್ಕ ಒಣಗಿ ಅಂಟಿರತೈತಿ.

ಉಲ್ಟಾನೂ ಆಗತೈತಿ. ಗಬ್ಬ ಇದ್ದೂ ಬೆದಿ ತೋರಿಸೋ ಆಕಳು ಅಲ್ಲೊಂದು ಇಲ್ಲೊಂದು ಅದಾವು. ಅಂಥಾದಕ್ಕ ತಪಾಸ್ ಇಲ್ದ ಮತ್ತ ಇಂಜೆಕ್ಷನ್ ಗನ್ (ವೀರ್ಯ ಬಿಡೋ ಉದ್ದನ ನಳಿಗಿ) ಗರ್ಭಕೋಶದ ಒಳಗ ದಾಟಿಸಿದ್ರ ಗರ್ಭ ಬೀಳಬಹುದು.

ಗೋಧಿ ಪರೀಕ್ಷೆ ಬಗ್ಗೆ ಎರಿಹೊಲ ಅವರ, ಸಿಟ್ಟಾಗಬ್ಯಾಡ್ರಿ. ನೀರು ಕಡಿಮಿ ಹಾಕಿದ್ರ ಗೊಡ್ಡಾಕಳ ಉಚ್ಚಿನ್ಯಾಗೂ ಕಾಳು ಮೊಳಕಿ ಒಡೆಯಂಗಿಲ್ಲ, ಹೋರಿ ಉಚ್ಚಿನ್ಯಾಗೂ ಒಡೆಯಂಗಿಲ್ಲ. ಕುತೂಹಲಕ್ಕ ಮಾಡ್ರಿ, ಅದನ್ನ ನಂಬಿ ಆಕಳು ಮಾರೋದು ಕೊಳ್ಳೋದು ಮಾಡಬ್ಯಾಡ್ರಿ. ಮೈ ಮಿಂಚೋದು ಮೇವು ಚಲೋ ಇದ್ರೂ ಮಿಂಚತೈತಿ, ಮಳೆಗಾಲದ ಹಸಿ ಹುಲ್ಲು ತಿಂದೈತಿ ಅದು.

ನಿಮ್ಮದು ಈಗ 60 ದಿನ ದಾಟೈತಿ, ಡಾಕ್ಟರನ ಕರಸ್ರಿ, ಕೈ ಹಾಕಿ ಐದ ನಿಮಿಷದಾಗ ಹೇಳ್ತಾರ. ಸ್ಕ್ಯಾನಿಂಗ್ ಮಷೀನ್ ಇದ್ರ 30 ದಿನದ ಆಸುಪಾಸಿಗೇ ತಿಳೀತೈತಿ.

ಸವಣೂರ ಹುಡುಗ:
ಡಾಕ್ಟರ್ ಸಾಹೇಬ್ರ ಭಾಳ ಉಪಕಾರ ಆತು. ಸೂಜಿ ಹಾಕ್ಸಾಕ ನಾಳೆನ ಹೋಗೋನಿದ್ದೆ. ಆದ್ರ ನಮ್ಮವ್ವಗ ಇನ್ನೊಂದ ಹೆದರಿಕಿ, ಕೈ ಹಾಕಿ ನೋಡಿದ್ರ ಕರು ಬೀಳತೈತಿ ಅಂತಾಳ, ಹಿಂದ ಊರಾಗ ಯಾರದೋ ಹಂಗ ಆಗಿತ್ತಂತ. ಅದೇನ್ ಖರೇನ್ರಿ?

ಗದಗ ವೆಟ್:
ಕಲಿತ ಕೈ ಆದ್ರ ಹೆದರೋ ಕಾರಣ ಇಲ್ರಿ. ಕೈ ಹೋಗೋದು ಸಗಣಿ ದಾರ್ಯಾಗ, ಗರ್ಭಕೋಶದ ಒಳಗಲ್ಲ. ಭುಜದ ತನಕ ಪ್ಲಾಸ್ಟಿಕ್ ಗ್ಲೌಸ್ ಹಾಕ್ಕೊಂಡು, ಕರುಳಿನ ಗೋಡಿ ಮ್ಯಾಲಿಂದನ ಕೆಳಗಿರೋ ಗರ್ಭಕೋಶ ಮುಟ್ಟಿ ನೋಡ್ತೀವಿ. ಅದಕ್ಕ ಎರಡ ಕೊಂಬು ಇರತಾವು, ಖಾಲಿ ಇದ್ದಾಗ ಹೆಚ್ಚುಕಡಿಮಿ ಎರಡೂ ಒಂದ ಸೈಜು, ಗಬ್ಬ ಇದ್ರ ಒಂದ ಕೊಂಬು ದಪ್ಪಾಗಿ ಒಳಗ ನೀರು ತುಂಬಿದ್ದು ಬೆರಳಿಗೆ ಹತ್ತತೈತಿ. ಎರಡ ತಿಂಗಳಿಗೆ ಕರು ಇಲಿಯಷ್ಟ ಇರತೈತಿ ಅಷ್ಟ. ತೀರಾ ಮೊದಲ ಅವಸರ ಮಾಡಿ ಯಾರ್ಯಾರೋ ಕೈ ಹಾಕಿ ಹಿಚುಕಿದ್ರ ತೊಂದರಿ ಆಗಬಹುದು, ಅದಕ್ಕ ಗೊತ್ತಿದ್ದವರ ಕೈಲೇ ಮಾಡಿಸ್ರಿ. ನಿಮ್ಮೂರಿಗೆ ಯಾರೂ ಬರಲಿಲ್ಲಂದ್ರ 1962ಕ್ಕ (ಸರ್ಕಾರದ ಪಶು ಸಹಾಯವಾಣಿ) ಫೋನ್ ಹಚ್ಚಿ ಕೇಳ್ರಿ.

ಜವಾರಿ ಪ್ರೇಮಿ:
ಇದಕ್ಕೆಲ್ಲ ಹೋರಿಗೆ ಬಿಟ್ರ ಮುಗೀತು ಅಂತೀನಿ ನಾನು. ಊರಾಗ ಒಳ್ಳೇ ಕಿಲಾರಿ ಹೋರಿ ಇದ್ರ ಇಂಜೆಕ್ಷನ್ ಯಾಕ್ರಿ? ಹೋರಿಗೆ ಬೆದಿ ಎಂದೈತಿ ಅಂತ ನಮಗಿಂತ ಚಲೋ ಗೊತ್ತಿರತೈತಿ.

ಹೈನದ ಅಕ್ಕ:
ಹೋರಿಗೆ ಬೆದಿ ಗೊತ್ತಿರತೈತಿ, ರೋಗ ಇದ್ರ ನಮಗ ಗೊತ್ತಿರಂಗಿಲ್ಲಲ್ಲ ಅಣ್ಣಾ. ಊರಿನ ಎಲ್ಲಾ ಆಕಳಿಗೂ ಒಂದ ಹೋರಿ, ಒಂದಕ್ಕಿದ್ದದ್ದು ಎಲ್ಲಾದಕ್ಕೂ ಹತ್ತತೈತಿ. ಅದೂ ಅಲ್ದ ಅದರ ಮಗಳಿಗೇ ಮತ್ತ ಅದ ಹೋರಿ ಬಿಡೋದನ್ನ ನಮ್ಮೂರಾಗ ನೋಡೀನಿ. ನಾ ಅಂತೂ ಇಂಜೆಕ್ಷನ್ ಮಾಡಿಸೋ ಮುಂದ ಆ ವೀರ್ಯ ತುಂಬಿದ ಕಡ್ಡಿ ಈಸ್ಕೊಂಡು ನೋಡ್ತೀನಿ, ಸ್ಟ್ರಾ ಅಂತಾರಲ್ಲ, ರಿಫಿಲ್ಲಿಗಿಂತ ಸಣ್ಣದು. ಅದರ ಮ್ಯಾಲೆ ಹೋರಿ ನಂಬರು, ತಳಿ, ತಾರೀಖು ಪ್ರಿಂಟ್ ಇರತೈತಿ, ಅದನ್ನ ಕ್ಯಾಲೆಂಡರಿನ್ಯಾಗ ಇಂಜೆಕ್ಷನ್ ಮಾಡಿಸಿದ ದಿನದ ಚೌಕದಾಗ ಬರದಿಡ್ತೀನಿ. ಸಣ್ಣ ಮೈಯಿನ ಜವಾರಿ ಮಣಕಕ್ಕ ಎಚ್‌ಎಫ್ (ದೊಡ್ಡ ಮೈಯಿನ ಸೀಮಿ ತಳಿ) ಹಾಕ್ಸಬ್ಯಾಡ್ರಿ ಮತ್ತ, ಕರು ದೊಡ್ಡದಾಗಿ ಈಯೋ ಮುಂದ ಸಾಯಾಕ ಬರತೈತಿ, ಜರ್ಸಿ ಆದ್ರ ನಡೀತೈತಿ.

ಸವಣೂರ ಹುಡುಗ:
ಇವತ್ತ ಡಾಕ್ಟರ್ ಬಂದು ನೋಡಿ ಹೋದ್ರು. ಗಬ್ಬ ಐತಂತ, ಬಲಗಡಿ ಕೊಂಬಿನ್ಯಾಗ. ಅವ್ವ ಆಗಲೇ ಗ್ವಾದಲಿಗೆ ಹತ್ತಿಕಾಳ ಹಿಂಡಿ ಜಾಸ್ತಿ ಹಾಕಾಕತ್ತಾಳ. ಎಂದ ಈಯತೈತಿ, ಹಾಲು ಎಂದ ಬಿಡಿಸ್ಬೇಕು ಅನ್ನೋದೊಂದ ಹೇಳ್ರಿ.

ಗದಗ ವೆಟ್:
ಚಲೋ ಆತು. ಇಂಜೆಕ್ಷನ್ ಆದ ತಾರೀಖಿಂದ ಸುಮಾರು 280-285 ದಿನ. ಸಲೀಸ ಲೆಕ್ಕ ಬೇಕಂದ್ರ ಮೂರ ತಿಂಗಳು ಹಿಂದ ಹೋಗಿ ಹತ್ತ ದಿನ ಕೂಡಿಸ್ರಿ, ಆಗಸ್ಟ್ 5 ಅಂದ್ರ ಮೇ 15ರ ಆಸುಪಾಸು. ಒಂದ ವಾರ ಹಿಂದ ಮುಂದ ಆಗತೈತಿ. ಈಯಾಕ ಎರಡ ತಿಂಗಳು ಮೊದಲ ಹಾಲು ಬತ್ತಿಸ್ಬೇಕು, ಅಂದ್ರ ಮಾರ್ಚ್ ನಡುವ, ಹೋಳಿ ಹುಣ್ಣಿಮಿ ಆಸುಪಾಸು. ಹಿಂಡಿ ಈಗಿಂದನ ಸುರೀಬ್ಯಾಡ್ರಿ ಅಂತ ಅವ್ವಾರಿಗೆ ಹೇಳ್ರಿ, ಕರು ಮೈ ಕಟ್ಟೋದು ಕೊನೀ ಮೂರ ತಿಂಗಳಾಗ, ಆವಾಗ ಬೇಕು ಅದು. ಈಗ ಕಣಕಿ, ಹಸಿ ಮೇವು, ದಿನಾ ಒಂದಿಷ್ಟು ಮಿನರಲ್ ಮಿಕ್ಸ್ಚರ್ ಸಾಕು. ಆರೇಳು ತಿಂಗಳಾದ ಮ್ಯಾಲೆ ಬಲಗಡಿ ಹೊಟ್ಟಿಗೆ ಮುಷ್ಟಿ ಒತ್ತಿ ಬಿಡ್ರಿ, ಒಳಗಿಂದ ಗಟ್ಟಿ ಏನೋ ಬಂದು ಬಡೀತೈತಿ. ಎಡಗಡಿ ನೋಡಬ್ಯಾಡ್ರಿ, ಅಲ್ಲಿರೋದು ಮೇವಿನ ಚೀಲ.