ಅಜ್ಜ ಬಂಗೇರ, ಅಪ್ಪ ಕೋಟ್ಯಾನ್: ನಾಗಮೂಲ ಹುಡುಕುವುದು ಯಾವ ಹೆಸರಲ್ಲಿ?

ಸುರತ್ಕಲ್ ಬೈಲು:
ನಮಸ್ಕಾರ. ಮನೆಯಲ್ಲಿ ಜೋಯಿಸರಿಂದ ಪ್ರಶ್ನೆ ಇಡಿಸಿದಾಗ ಅಪ್ಪನ ಕಡೆಯ ಮೂಲನಾಗನಿಗೆ, ಅಂದರೆ ಕುಟುಂಬದ ಮೂಲಸ್ಥಾನದ ನಾಗನಿಗೆ, ತಂಬಿಲ ಸೇವೆ ನಿಂತುಹೋಗಿದೆ, ಮೂಲ ಹುಡುಕಿ ಅಂತ ಬಂತು. ಅಪ್ಪ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಊರಿನ ಮನೆ ಅಂದರೆ ಅವರಿಗೆ ರಜೆಯಲ್ಲಿ ಬಂದು ಹೋದ ನೆನಪು ಅಷ್ಟೆ. ಅಜ್ಜ, ಅಜ್ಜಿ ಇಬ್ಬರೂ ಈಗ ಇಲ್ಲ.

ಟ್ರಂಕಿನಲ್ಲಿದ್ದ ಕಾಗದ ಎಲ್ಲ ಹರಡಿ ಕೂತೆ. ಅಜ್ಜನ ಮಿಲ್ಲಿನ ಕಾರ್ಡಿನಲ್ಲಿ ಬಂಗೇರ. ಊರಿನ ಒಂದು ಗೇಣಿ ರಶೀದಿಯಲ್ಲಿ ಅದೇ ಅಜ್ಜ ಪೂಜಾರಿ. ಅಜ್ಜಿ ರೇಷನ್ ಕಾರ್ಡಿನಲ್ಲಿ ಪೂಜಾರ್ತಿ. ಅಪ್ಪನ ಶಾಲೆಯ ಸರ್ಟಿಫಿಕೇಟಿನಲ್ಲಿ 'ವೈ' ಹಾಕಿದ ಕೋಟ್ಯಾನ್, ಪಾಸ್‌ಪೋರ್ಟಿನಲ್ಲಿ 'ಐ' ಹಾಕಿದ ಕೋಟ್ಯಾನ್. ದೊಡ್ಡಪ್ಪನದ್ದು ಇನ್ನೂ ಚಂದ, ಐ ಮತ್ತು ವೈ ಎರಡೂ ಉಂಟು. ಅವರ ಮಕ್ಕಳನ್ನು ಆಫೀಸಿನಲ್ಲಿ 'ಕೊಟಿಯನ್' ಅಂತಲೇ ಕರೆಯುವುದಂತೆ.

ಅಜ್ಜ ಬಂಗೇರ ಬಿಟ್ಟು ಕೋಟ್ಯಾನ್ ಆದದ್ದು ಯಾವಾಗ, ಯಾಕೆ? ಈಗ ಯಾವ ಊರಿನ ಯಾವ ಹೆಸರಿನವರನ್ನು ಕೇಳಿಕೊಂಡು ಹೋಗಬೇಕು?

ಕದ್ರಿ ಗುಡ್ಡೆ:
ಅಫಿಡವಿಟ್ ಮಾಡಿಸಿ, ಪೇಪರಿಗೆ ಜಾಹೀರಾತು ಕೊಟ್ಟು ಎಲ್ಲರದ್ದೂ ಒಂದೇ ಸ್ಪೆಲ್ಲಿಂಗ್ ಮಾಡಿಬಿಡಿ. ಇಲ್ಲದಿದ್ದರೆ ಮುಂದೆ ಜಾಗದ ವಿಷಯದಲ್ಲಿ ಕಷ್ಟ.

ಹಳೆ ಪತ್ರದವ:
ಕದ್ರಿಯವರು ಹೇಳಿದ್ದು ಬ್ಯಾಂಕಿಗೆ ಸರಿ, ನಾಗನಿಗೆ ಅಲ್ಲ.

ತಂಗೀ, ನಿಮ್ಮ ಅಜ್ಜ ಏನೂ ಬದಲಿಸಲಿಲ್ಲ. ಬಂಗೇರ, ಕೋಟ್ಯಾನ್, ಸಾಲ್ಯಾನ್, ಅಮೀನ್, ಸುವರ್ಣ ಇವೆಲ್ಲ 'ಬರಿ'ಗಳು, ಅಂದರೆ ಗೋತ್ರದ ಹಾಗೆ ಕುಲದ ಹೆಸರುಗಳು. ನಮ್ಮದು ಅಳಿಯಸಂತಾನ ಅಲ್ವಾ, ಬರಿ ಬರುವುದು ತಾಯಿಯಿಂದ. ಅಜ್ಜ ಬಂಗೇರ ಅಂದರೆ ಅವರ ಅಮ್ಮ ಬಂಗೇರ. ಅಪ್ಪ ಕೋಟ್ಯಾನ್ ಅಂದರೆ ಅಜ್ಜಿ ಕೋಟ್ಯಾನ್. ಅಜ್ಜಿಯ ಕಾರ್ಡಿನಲ್ಲಿ ಪೂಜಾರ್ತಿ ಅಂತ ಮಾತ್ರ ಇರುವುದರಿಂದ ನಿಮಗೆ ಕೊಂಡಿ ಸಿಗಲಿಲ್ಲ. ಊರಿನ ಕಾಗದಕ್ಕೆ ನಮ್ಮ ಬಿಲ್ಲವರ ಜಾತಿ ಹೆಸರು ಪೂಜಾರಿ, ಹೆಂಗಸರಿಗೆ ಪೂಜಾರ್ತಿ, ಅಷ್ಟೇ ಸಾಕಿತ್ತು. ಮುಂಬಯಿಗೆ ಹೋದ ಮೇಲೆ ಫಾರ್ಮಿಗೆ ಸರ್‌ನೇಮ್ ಬೇಕಾಯಿತು, ತುಂಬ ಜನ ಬರಿಯನ್ನೇ ಬರೆಸಿದರು. ಐಯೋ ವೈಯೋ ಅನ್ನುವುದು ಶಾಲೆಗೆ ಸೇರಿಸುವ ದಿನ ಪೆನ್ನು ಹಿಡಿದಿದ್ದ ಮಾಸ್ಟ್ರ ಇಷ್ಟ.

ಹಾಗಾಗಿ ಅಪ್ಪನ ನಾಗಮೂಲ ಅಂದರೆ ಅಜ್ಜಿಯ ತರವಾಡು, ಅವರ ತಾಯಿ ಕಡೆಯ ಮೂಲಮನೆ. ಅಜ್ಜನ ಮನೆ ಹುಡುಕಿಕೊಂಡು ಹೋದರೆ ಬಂಗೇರರ ನಾಗಬನದಲ್ಲಿ ಕೈಮುಗಿದು ಬರಬಹುದು, ಅಷ್ಟೆ. ಅಂದ ಹಾಗೆ ನೀವು ಆಧಾರ್‌ನಲ್ಲಿ ಕೋಟ್ಯಾನ್ ಇರಬಹುದು, ಆದರೆ ನಿಮ್ಮ ಬರಿ ನಿಮ್ಮ ಅಮ್ಮನದ್ದು.

ಪರೀಕ್ಷೆ ಮಾಡಬೇಕಾ? ಅಪ್ಪನ ಅಕ್ಕತಂಗಿ ಯಾರಾದರೂ ಇದ್ದರೆ ಅವರ ಮಕ್ಕಳ ಬರಿ ಕೇಳಿ. ಗಂಡನ ಸರ್‌ನೇಮ್ ಏನೇ ಇರಲಿ, ಮಕ್ಕಳು ಕೋಟ್ಯಾನ್ ಬರಿಯವರೇ ಆಗಿರಬೇಕು. ಗಂಡಸರನ್ನು ಕೇಳಬೇಡಿ, ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಒಂದೇ ಬರಿಯಲ್ಲಿ ಮದುವೆ ಇಲ್ಲ, ಹಾಗಾಗಿ ಸಂಬಂಧ ನೋಡುವಾಗ ಮೊದಲು ಬರಿ ಕೇಳಿದವರು ಹೆಂಗಸರು. ಸೂತಕದ ಸುದ್ದಿ ಯಾವ ಮನೆಯಿಂದ ಬರುತ್ತಿತ್ತು, ಅಜ್ಜಿ ಯಾರ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಊರಿಗೆ ಓಡಿ ಬಂದಿದ್ದರು ಅಂತಲೂ ಕೇಳಿ. ಅದೇ ಕುಟುಂಬ. ಕೋಟ್ಯಾನ್ ಅಂತ ಮಾತ್ರ ಊರಿಗೆ ಹೋಗಿ ಕೇಳಿದರೆ, ಮೀನುಗಾರ ಸಮುದಾಯದ ಮೊಗವೀರರಲ್ಲಿಯೂ ಕೋಟ್ಯಾನ್ ಉಂಟು, ಯಾರೋ ಯಾರನ್ನೋ ತೋರಿಸಿಬಿಡುತ್ತಾರೆ.

ನಾನು ಪತ್ರ ಬರೆಯುವ ಕೆಲಸ ಮಾಡಿದವ, ಹಾಗಾಗಿ ಒಂದೆರಡು ಮಾತು ಕಾಗದದ ಬಗ್ಗೆ. ಕುಟುಂಬಕ್ಕೆ ಸ್ವಂತ ಜಾಗ ಇದ್ದಿದ್ದರೆ ಪಾಲುಪಟ್ಟಿ ಆಗಿದೆಯಾ ವಿಚಾರಿಸಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರಿನವರು ಪಾಲು ಕೇಳಬಹುದು ಅಂತ ಆಯಿತು. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಮಗಳಂದಿರ ಮಕ್ಕಳು, ಹೀಗೆ ಹೆಣ್ಣಿನ ಕಡೆಯಿಂದ ಇಳಿದವರು. ಅಂಥ ಪತ್ರದಲ್ಲಿ ಒಂದೊಂದು ಕವರಿನಲ್ಲಿ ಯಾರು ಯಾರು, ಪ್ರಾಯ ಎಷ್ಟು ಅಂತ ಸಾಲಾಗಿ ಬರೆದಿರುತ್ತದೆ. ತೊಟ್ಟಿಲ ಮಗುವನ್ನೂ ಬಿಡುವ ಹಾಗಿಲ್ಲ, ಅದಕ್ಕೂ ಪಾಲು ಉಂಟಲ್ಲ! ಇದಕ್ಕಿಂತ ಒಳ್ಳೆಯ ವಂಶವೃಕ್ಷ ನಿಮಗೆ ಎಲ್ಲಿಯೂ ಸಿಗದು. ಗೇಣಿ ಒಕ್ಕಲಾಗಿದ್ದರೆ 1974ರ ನಂತರ ಭೂಸುಧಾರಣೆಯಲ್ಲಿ ಜಾಗದ ಹಕ್ಕು ಕೇಳಿ ಕೊಟ್ಟ ಡಿಕ್ಲರೇಶನ್, ಅಂದರೆ 7ನೇ ನಮೂನೆ, ಮತ್ತು ಭೂನ್ಯಾಯ ಮಂಡಳಿಯ ಆರ್ಡರ್ ನೋಡಿ. ಅದರಲ್ಲಿ ಧನಿಗಳ ಹೆಸರು, ಸರ್ವೆ ನಂಬ್ರ ಸಿಕ್ಕಿದರೆ ಮನೆ ಇದ್ದ ಜಾಗ ಗೊತ್ತಾದ ಹಾಗೆಯೇ.

ಹಳೆ ಪತ್ರದಲ್ಲಿ ಇಂಥವನ ಮಗ ಅಂತ ಹುಡುಕಬೇಡಿ, 'ಇಂಥವನ ಅಳಿಯ' ಅಂತ ಇರಬಹುದು. ಆ ಅಳಿಯ ಅಂದರೆ ತಂಗಿಯ ಮಗ, ಮಗಳ ಗಂಡ ಅಲ್ಲ. ಘಟ್ಟದ ಮೇಲಿನ ಒಬ್ಬ ವಕೀಲರು ಇದನ್ನು ತಪ್ಪು ತಿಳಿದು ಇಡೀ ಕುಟುಂಬವನ್ನು ತಲೆಕೆಳಗೆ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಕಲ್ಯಾಣಪುರದ ಡಿಸೋಜ:
ನೀವು ಪುಣ್ಯವಂತರು. ನಮ್ಮಲ್ಲಿ ಡಿಸೋಜ, ಡಿ ಸೋಜಾ, ಸೋಜ ಅಂತ ಒಂದೇ ಮನೆಯಲ್ಲಿ ಉಂಟು, ಊರಿಡೀ ಡಿಸೋಜರೇ. ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ನಾನು ಸರ್‌ನೇಮ್ ನೋಡುವುದೇ ಇಲ್ಲ, ದೇವರ ತಂದೆತಾಯಿಯ (ಗಾಡ್‌ಪೇರೆಂಟ್ಸ್) ಹೆಸರು ಹಿಡಿದು ಹೋಗುತ್ತೇನೆ. ಆದರೂ ತುಂಬ ಹಿಂದೆ ಹೋಗಲು ಆಗುವುದಿಲ್ಲ. 1784ರಲ್ಲಿ ಟಿಪ್ಪು ನಮ್ಮವರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದಕ್ಕಿಂತ ಹಿಂದಿನದ್ದು ಸಿಗುವುದು ಅಪರೂಪ.

ಸುರತ್ಕಲ್ ಬೈಲು:
ಅಣ್ಣಾ, ನಿನ್ನೆ ರಾತ್ರಿ ಡೊಂಬಿವಲಿಯ ಅತ್ತೆಗೆ ಫೋನ್ ಮಾಡಿದೆ. "ನನ್ನ ಮಗನಿಗೆ ಬಂದ ಒಳ್ಳೆಯ ಸಂಬಂಧ ಹುಡುಗಿಯೂ ಕೋಟ್ಯಾನ್ ಬರಿ ಅಂತ ಬಿಟ್ಟದ್ದು ನೆನಪಿಲ್ವಾ ನಿಂಗೆ?" ಅಂತ ನನಗೇ ಬೈದರು. ಭಾವನ ಸರ್‌ನೇಮ್ ಅಮೀನ್! ಅಪ್ಪ ಪಕ್ಕದಲ್ಲೇ ಕೂತು ಕೇಳುತ್ತಿದ್ದರು, ಒಂದು ಮಾತೂ ಆಡಲಿಲ್ಲ.

ಅಜ್ಜಿಯ ತವರು ಎರ್ಮಾಳು ಅಂತೆ, ರೈಲು ಹಳಿಯ ಆಚೆ. ಬನದ ಹತ್ತಿರ ದೊಡ್ಡ ಹಲಸಿನ ಮರ ಇತ್ತಂತೆ. ಜಾಗ ಗೇಣಿಯದ್ದು, ಡಿಕ್ಲರೇಶನ್ ಅಜ್ಜಿಯ ಅಣ್ಣನ ಹೆಸರಲ್ಲಿ ಆದದ್ದು. ಅಜ್ಜಿಯ ತಂಗಿಯ ಮಗಳು ಈಗಲೂ ಅಲ್ಲಿಯೇ ಹತ್ತಿರ ಇದ್ದಾರೆ. ಮೊದಲು ಅವರನ್ನು ಕಾಣುವುದೋ, ತಾಲೂಕು ಕಚೇರಿಗೆ ಅರ್ಜಿ ಹಾಕುವುದೋ?

ಹಳೆ ಪತ್ರದವ:
ಮೊದಲು ಅಜ್ಜಿಯ ತಂಗಿಯ ಆ ಮಗಳನ್ನು ಕಾಣಿ, ಡೊಂಬಿವಲಿಯ ಅತ್ತೆಯಿಂದ ಒಂದು ಫೋನ್ ಮಾಡಿಸಿಯೇ ಹೋಗಿ. ಮುಂಬಯಿಯವರು ಇದ್ದಕ್ಕಿದ್ದ ಹಾಗೆ ಬಂದು ಡಿಕ್ಲರೇಶನ್ ಕೇಳಿದರೆ ಪಾಲಿಗೆ ಬಂದರು ಅಂತ ಹೆದರುತ್ತಾರೆ. ನಾಗನ ವಿಷಯಕ್ಕೆ ಬಂದದ್ದು ಅಂತ ಬಾಯಿ ಬಿಟ್ಟು ಹೇಳಿ. ನಾಗರಪಂಚಮಿಗೆ ತನು ಹಾಕಲು, ಅಂದರೆ ನಾಗನಿಗೆ ಹಾಲೆರೆಯಲು, ಯಾರೆಲ್ಲ ಸೇರುತ್ತಾರೆ ಅಂತ ಕೇಳಿದರೆ ಉಳಿದ ಕವರಿನವರೂ ಸಿಗುತ್ತಾರೆ.

ಅರ್ಜಿ ಆಮೇಲೆ ಸಾಕು. ಎರ್ಮಾಳು ಈಗ ಕಾಪು ತಾಲೂಕು, ಆದರೆ ಆ ಕಾಲದ ಕಾಗದದಲ್ಲಿ ಉಡುಪಿ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ ಅಂತ ಇರುತ್ತದೆ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಆರ್ಡರ್ ಸಿಕ್ಕಿದರೆ ಫೋಟೊ ಇಲ್ಲಿ ಹಾಕಬೇಡಿ, ಸರ್ವೆ ನಂಬ್ರ ಎಲ್ಲ ಕಾಣುತ್ತದೆ. ಅಕ್ಷರ ಓದಲು ಆಗದಿದ್ದರೆ ನನಗೆ ಮೆಸೇಜ್ ಮಾಡಿ.